ಚಿಕ್ಕಪ್ಪ ಕಲಿಸಿದ ಸೈಕಲ್ಲು

ಊರಿನ ಎತ್ತರದ ಕಟ್ಟಡಗಳ ಲಿಫ್ಟು ಕೆಟ್ಟರೆ ಅವನನ್ನೇ ಕರೆಯುತ್ತಿದ್ದರು. ಕಾವಲುಗಾರರ ಬಾಯಲ್ಲಿ ಅವನು ಲಿಫ್ಟಣ್ಣ. ಹೆಂಡತಿಯ ಕಾಯಿಲೆಗೆಂದು ಇದ್ದ ಪುಟ್ಟ ಮನೆಯನ್ನು ಮಾರಿದ. ಮನೆಯೂ ಹೋಯಿತು, ಅವಳೂ ಉಳಿಯಲಿಲ್ಲ. ಎರಡು ಟ್ರಂಕು ಮತ್ತು ಐದು ವರ್ಷದ ಮಗಳು ಚಿಣ್ಣಿಯನ್ನು ಕಟ್ಟಿಕೊಂಡು ತಮ್ಮನ ಮನೆ ಮೆಟ್ಟಿಲು ಹತ್ತಿದಾಗ, 'ನಾಲ್ಕು ತಿಂಗಳ ಮಾತು ಅಷ್ಟೇ ಕಣೋ' ಎಂದಿದ್ದ. ಆ ನಾಲ್ಕು ತಿಂಗಳಿಗೆ ಈಗ ಎರಡು ವರ್ಷ ತುಂಬುತ್ತಿತ್ತು.

ತಮ್ಮನ ಮನೆಯಲ್ಲಿ ಅವನಿಗೆ ಯಾವ ಕೊರತೆಯೂ ಇರಲಿಲ್ಲ. ನಿಜ ಹೇಳಬೇಕೆಂದರೆ ತೊಂದರೆ ಅದೇ ಆಗಿತ್ತು. ತಮ್ಮನ ಹೆಂಡತಿ ಬಟ್ಟೆ ಅಂಗಡಿಯಲ್ಲಿ ಬಿಲ್ಲು ಹಾಕುವ ಕೆಲಸದವಳು, ಸಂಜೆ ದಣಿದು ಬಂದರೂ 'ಭಾವ, ಬಿಸಿನೀರು ಇಟ್ಟಿದೀನಿ, ಮೈ ತೊಳ್ಕೊಳ್ಳಿ' ಎನ್ನುವಳು. ತಮ್ಮ ಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ರಾತ್ರಿ ಪಾಳಿಯವನು. ಬೆಳಿಗ್ಗೆ ಬಂದು ಮಲಗಿ, ಮಧ್ಯಾಹ್ನ ಎದ್ದು, ಚಿಣ್ಣಿಯನ್ನು ಶಾಲೆಯಿಂದ ಕರೆತರುತ್ತಿದ್ದ. ಮದುವೆಯಾಗಿ ಎಂಟು ವರ್ಷವಾದರೂ ಅವರಿಗೆ ಮಕ್ಕಳಾಗಿರಲಿಲ್ಲ. ಆ ವಿಷಯವನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಲಿಫ್ಟಣ್ಣ ದಿನವಿಡೀ ಕತ್ತಲೆ ಬಾವಿಯಂಥ ಜಾಗದಲ್ಲಿ ಹಗ್ಗಗಳ ನಡುವೆ ನೇತಾಡಿ, ಗ್ರೀಸು ಮೆತ್ತಿದ ಕೈಯಲ್ಲಿ ಮನೆಗೆ ಬಂದರೆ ಮಗಳ ಬಾಯಲ್ಲಿ ಬರೀ ಚಿಕ್ಕಪ್ಪನದೇ ಜಪ. ಚಿಕ್ಕಪ್ಪ ಕಾಗದದಲ್ಲಿ ಮೊಸಳೆ ಮಾಡಿಕೊಟ್ಟ. ಚಿಕ್ಕಪ್ಪ ಹೆಡ್‌ಮೇಷ್ಟ್ರ ಥರ ಕೆಮ್ಮಿ ತೋರಿಸಿದ. 'ಅಪ್ಪ, ನಿಂಗೆ ಹಾಗೆ ಕೆಮ್ಮಕ್ಕೆ ಬರುತ್ತಾ?'

'ನಂಗೆ ನಿಜವಾದ ಕೆಮ್ಮೇ ಬರುತ್ತೆ, ಸಾಕು' ಎಂದು ಅವನು ನಗುತ್ತಿದ್ದ. ನಗು ಗಂಟಲಿನಿಂದ ಕೆಳಗೆ ಇಳಿಯುತ್ತಿರಲಿಲ್ಲ.

ಚಿಕ್ಕಂದಿನಿಂದಲೂ ಹೀಗೆಯೇ. ತಮ್ಮ ಕೋಣೆಗೆ ಕಾಲಿಟ್ಟರೆ ಸಾಕು, ಎಲ್ಲರ ಮುಖ ಅವನ ಕಡೆಗೆ ತಿರುಗುತ್ತಿತ್ತು. ಲಿಫ್ಟಣ್ಣ ಗಂಟೆಗಟ್ಟಲೆ ಕೂತು ಕೆಟ್ಟ ರೇಡಿಯೋ ಸರಿಮಾಡಿಟ್ಟರೆ, ಅದರಲ್ಲಿ ಬಂದ ಹಾಡಿಗೆ ಕುಣಿದು ಶಭಾಷ್ ಅನ್ನಿಸಿಕೊಳ್ಳುತ್ತಿದ್ದವನು ತಮ್ಮ. ಆಗೆಲ್ಲ ಇವನು ತಲೆ ಕೆಡಿಸಿಕೊಂಡಿರಲಿಲ್ಲ. ಈಗ ಹಾಗಲ್ಲ. ಮಗಳೊಬ್ಬಳೇ ಅವನಿಗೆ ಉಳಿದಿದ್ದ ಆಸ್ತಿ.

ಒಂದು ಮಧ್ಯಾಹ್ನ ಕೆಲಸದ ಕಟ್ಟಡದಲ್ಲಿ ಕರೆಂಟು ಹೋಗಿ ಬೇಗ ಹಿಂದಿರುಗಿದ. ಬೀದಿಯ ತಿರುವಿನಲ್ಲೇ ಕಾಲು ನಿಂತುಬಿಟ್ಟಿತು. ಕೆಂಪು ಸೈಕಲ್ಲಿನ ಮೇಲೆ ಚಿಣ್ಣಿ ಓಲಾಡುತ್ತ ಬರುತ್ತಿದ್ದಳು. ಹಿಂದೆ ಸೀಟು ಹಿಡಿದು ಏದುಸಿರು ಬಿಡುತ್ತ ತಮ್ಮ ಓಡುತ್ತಿದ್ದ. ಓಡುತ್ತ ಓಡುತ್ತಲೇ ಕೈ ಬಿಟ್ಟ. ಸೈಕಲ್ಲು ಬೀಳಲಿಲ್ಲ.

'ಚಿಕ್ಕಪ್ಪಾ, ಬಿಡ್ಬೇಡ!'

'ಬಿಟ್ಟು ಎಷ್ಟೊತ್ತಾಯ್ತೇ ಕತ್ತೆ! ಹೊಡಿ, ಹೊಡಿ!'

ಚಿಣ್ಣಿಯ ಕಿರುಚಾಟಕ್ಕೆ ಎದುರುಮನೆಯ ಮುದುಕಿ ಕಿಟಕಿಯಿಂದ ಚಪ್ಪಾಳೆ ತಟ್ಟಿದಳು. 'ನಮ್ಮದೇ ಮನೆ ಸಿಕ್ಕ ದಿನ ನಿಂಗೆ ಸೈಕಲ್ ಕಲಿಸೋದು ನಾನೇ' ಎಂದು ಲಿಫ್ಟಣ್ಣ ಮಗಳಿಗೆ ಎಷ್ಟು ಸಲ ಮಾತು ಕೊಟ್ಟಿದ್ದನೋ. ಆ ಮಾತು ಇಬ್ಬರಲ್ಲಿ ಒಬ್ಬರಿಗೆ ಮಾತ್ರ ನೆನಪಿದ್ದಂತಿತ್ತು.

'ಅಪ್ಪಾ, ನೋಡಿದ್ಯಾ?' ಚಿಣ್ಣಿ ಅವನ ಮುಂದೆಯೇ ಸೈಕಲ್ಲು ನಿಲ್ಲಿಸಿದಳು.

'ಚಪ್ಪಲಿ ಹಾಕ್ಕೊಂಡು ಯಾರಾದ್ರೂ ಸೈಕಲ್ ಹೊಡೀತಾರಾ? ಬಿದ್ದು ಕಾಲು ಮುರ್ಕೊಂಡ್ರೆ ಯಾರು ನೋಡೋರು? ನಡಿ ಒಳಗೆ.'

ಮಗು ಮುಖ ಚಿಕ್ಕದು ಮಾಡಿಕೊಂಡು ಇಳಿಯಿತು. ತಮ್ಮ ಬೆವರು ಒರೆಸಿಕೊಂಡು, 'ಬಿಡಣ್ಣ, ಬೈಬೇಡ. ಗುಜರಿಯವನ ಹತ್ರ ಸುಮ್ನೆ ಬಿದ್ದಿತ್ತು, ರಿಪೇರಿ ಮಾಡ್ಸಿದೆ' ಎಂದ. ರಿಪೇರಿ! ಅದೂ ಇವನ ಕಸುಬು. ಅದಕ್ಕೂ ತಮ್ಮ ಇವನನ್ನು ಕೇಳಿರಲಿಲ್ಲ.

ಆವತ್ತಿನಿಂದ ಲಿಫ್ಟಣ್ಣ ಕಾಲಿಗೆ ಚಕ್ರ ಕಟ್ಟಿಕೊಂಡವನಂತೆ ಮನೆ ಹುಡುಕಿದ. ಮೊದಲಾಗಿದ್ದರೆ ಇನ್ನಷ್ಟು ಉಳಿತಾಯವಾಗಲಿ ಎನ್ನುತ್ತಿದ್ದ. ಈಗ ಅಡ್ವಾನ್ಸಿನ ಹಣ ಕೂಡಿಸಲು ಮಧ್ಯಾಹ್ನದ ಊಟ, ಬಸ್ಸು ಎರಡನ್ನೂ ಬಿಟ್ಟ. ಒಂದು ಮನೆಯಲ್ಲಿ ಕಿಟಕಿ ತೆಗೆದರೆ ಪಕ್ಕದ ಗೋಡೆ ಮೂಗಿಗೆ ತಾಗುತ್ತಿತ್ತು. ಇನ್ನೊಂದರಲ್ಲಿ ಬಚ್ಚಲಿಗೆ ಹೋಗಬೇಕೆಂದರೆ ಮಾಲೀಕರ ಮಲಗುವ ಕೋಣೆ ದಾಟಬೇಕು. 'ನಾವು ಬೇಗ ಮಲಗಲ್ಲ, ಸಂಕೋಚ ಪಡ್ಬೇಡಿ' ಎಂದು ಮಾಲೀಕ ಧೈರ್ಯ ಬೇರೆ ಹೇಳಿದ. ಎಲ್ಲ ಸರಿ ಬಂದ ಕಡೆ, 'ಮನೇಲಿ ಹೆಂಗಸರಿಲ್ವಾ? ಹಾಗಾದ್ರೆ ಯೋಚಿಸಿ ಹೇಳ್ತೀವಿ' ಎನ್ನುವವರು. ಆ ಯೋಚನೆ ಯಾವತ್ತೂ ಮುಗಿಯುತ್ತಿರಲಿಲ್ಲ.

ಕೊನೆಗೆ ಅವನೇ ಲಿಫ್ಟು ನೋಡಿಕೊಳ್ಳುತ್ತಿದ್ದ ಕಟ್ಟಡವೊಂದರ ಕಾವಲುಗಾರ ಕಿವಿಯಲ್ಲಿ ಉಸುರಿದ: 'ಮೂರನೇ ಮಹಡೀಲಿ ಎರಡು ಕೋಣೆ ಖಾಲಿ ಆಗಿದೆ. ಓನರ್ ಮೇಡಂ ಕೆಳಗಿನ ಮಹಡೀಲೇ ಇರ್ತಾರೆ. ಬಾಯಿ ಜೋರು, ಮನಸ್ಸು ಒಳ್ಳೇದು.'

ನಿವೃತ್ತ ಉಪಾಧ್ಯಾಯಿನಿ ಆ ಮೇಡಂ. ಮನೆ ತೋರಿಸಿದರು. ಕೋಣೆಗೆ ಬೆಳಕು ಚೆಲ್ಲುವ ದೊಡ್ಡ ಕಿಟಕಿ, ಕೆಳಗೆ ಮಕ್ಕಳು ಆಡುವ ಅಂಗಳ, ಶಾಲೆಗೆ ನಡೆದೇ ಹೋಗಬಹುದಾದ ದೂರ. ಅಡ್ವಾನ್ಸೂ ಅವನ ಕೈಗೆ ಎಟುಕುವಂಥದ್ದೇ. ಹೆಂಡತಿಯ ವಿಷಯ ಕೇಳಿಕೊಂಡು, 'ಎರಡು ದಿನದಲ್ಲಿ ಫೋನ್ ಮಾಡ್ತೀನಿ' ಎಂದರು. ಲಿಫ್ಟಿನ ಬಾವಿಯೊಳಗೆ ಸಿಗ್ನಲ್ ಸಿಗುವುದಿಲ್ಲವೆಂದು ಅವನು ತಮ್ಮನ ನಂಬರನ್ನೂ ಬರೆಸಿ ಬಂದ.

ಫೋನು ಬರಲಿಲ್ಲ. ವಾರ ಕಳೆಯಿತು, ಇನ್ನೊಂದು ವಾರವೂ ಕಳೆಯಿತು. ಇವರದೂ ಅದೇ ಯೋಚನೆ ಎಂದುಕೊಂಡು ಆಸೆ ಬಿಟ್ಟ. ಹೋಗಿ ಕೇಳಲು ಮಾನ ಅಡ್ಡ ಬಂತು. ಮನೆಯಲ್ಲಿ ಹೇಳಿದಾಗ ತಮ್ಮ, 'ಹೋಗ್ಲಿ ಬಿಡು, ಇಲ್ಲೇನು ಕಮ್ಮಿಯಾಗಿದೆ?' ಎಂದು ಚಿಣ್ಣಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಬಾಲ್ಕನಿಗೆ ಹೋದ. ಅವಳು ಅವನ ಕೂದಲು ಹಿಡಿದು ಕುದುರೆ ಓಡಿಸಿದಳು. ಲಿಫ್ಟಣ್ಣ ತಟ್ಟೆಯ ಮೇಲೆ ಕಣ್ಣಿಟ್ಟು ಕೂತ.

ಮುಂದಿನ ಸೋಮವಾರ ಅದೇ ಕಟ್ಟಡದಿಂದ ಕರೆ. ಲಿಫ್ಟು ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಿತ್ತು. ಒಳಗೆ ಸಿಕ್ಕಿಕೊಂಡವರು ಮೇಡಂ. ಮೇಲಿನ ಯಂತ್ರದ ಕೋಣೆಗೆ ಓಡಿ, ಬ್ರೇಕು ಸಡಿಲಿಸಿ, ಕೈಯಿಂದಲೇ ಚಕ್ರ ತಿರುಗಿಸಿ ಲಿಫ್ಟನ್ನು ಮಹಡಿಯ ಸಮಕ್ಕೆ ತಂದು, ಕೆಳಗಿಳಿದು ಬಾಗಿಲು ತೆರೆದ. ಮೇಡಂ ಹೊರಗೆ ಕಾಲಿಟ್ಟವರೇ ಅವನನ್ನು ನೋಡಿ ಸಿಡುಕಿದರು.

'ನೀನಾ! ಮನೆ ಬೇಡ ಅಂದ್ರೆ ನೀನೇ ಹೇಳ್ಬೇಕಿತ್ತಪ್ಪ. ತಮ್ಮನ ಕೈಲಿ ಹೇಳಿಸ್ತಾರಾ?'

'ಯಾರು ಬೇಡ ಅಂದಿದ್ದು ಮೇಡಂ?'

'ನಿನ್ನ ಫೋನ್ ಸಿಗ್ಲಿಲ್ಲ. ಅವನಿಗೆ ಮಾಡ್ದೆ. ಅಣ್ಣನಿಗೆ ಬೇರೆ ಮನೆ ಸಿಕ್ತು ಅಂದ. ಬಂದೋರೆಲ್ಲ ಗಲಾಟೆ ಜನ, ನಾನಿನ್ನೂ ಯಾರಿಗೂ ಕೊಟ್ಟಿಲ್ಲ.'

'ಮನೆ ನಂಗೇ ಬೇಕು ಮೇಡಂ. ದಯವಿಟ್ಟು ಯಾರಿಗೂ ಕೊಡ್ಬೇಡಿ' ಎಂದವನು ಸಲಕರಣೆ ಚೀಲವನ್ನು ಅಲ್ಲೇ ಬಿಟ್ಟು ನಡೆದ.

ತಮ್ಮ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ. ರಜೆಯಿದ್ದ ಅವನ ಹೆಂಡತಿ ಒಣಗಿದ ಬಟ್ಟೆ ಮಡಚುತ್ತಿದ್ದಳು. ಚಿಣ್ಣಿ ಇನ್ನೂ ಶಾಲೆಯಲ್ಲಿದ್ದಳು.

'ಮೇಡಂ ನಿಂಗೆ ಫೋನ್ ಮಾಡಿದ್ರಾ?'

ತಮ್ಮ ತಿರುಗಲಿಲ್ಲ. 'ಮಾಡಿದ್ರು.'

'ಏನಂದೆ?'

'ಬೇಡ ಅಂದೆ.'

ಬಟ್ಟೆ ಮಡಚುತ್ತಿದ್ದ ಕೈ ನಿಂತಿತು. 'ಏನ್ರೀ ಇದು? ನಂಗೆ ಹೇಳೇ ಇಲ್ಲ?' ಎಂದಳು ತಮ್ಮನ ಹೆಂಡತಿ.

'ಮನೇಲಿ ಜಾಗ ಕೊಟ್ಟೆ ಅಂತ ಮಗಳನ್ನೇ ಇಟ್ಕೊಂಡ್ಬಿಡ್ತೀಯೇನೋ?' ಲಿಫ್ಟಣ್ಣ ತಮ್ಮನ ಹತ್ತಿರಕ್ಕೇ ಬಂದ. 'ಕೆಮ್ಮಿ ನಗಿಸ್ದೆ, ಸೈಕಲ್ ಕಲಿಸ್ದೆ. ಇನ್ನು ಅಪ್ಪ ಅಂತ ಕರೆಸ್ಕೊಳ್ಳೋದೊಂದು ಬಾಕಿ!'

ತಮ್ಮ ನಲ್ಲಿ ನಿಲ್ಲಿಸಿದ. ಕೈಯ ನೊರೆ ಹಾಗೇ ಇತ್ತು.

'ಅದಾಗಲ್ಲ ಅಂತ ನಂಗೆ ಗೊತ್ತಿಲ್ವೇನಣ್ಣ? ಮಧ್ಯಾಹ್ನ ಪೂರ್ತಿ ನನ್ನ ಜೊತೆ ಕುಣೀತಾಳೆ. ಗೇಟು ಸದ್ದಾಗ್ಲಿ, ನನ್ನ ಮಾತು ಅರ್ಧಕ್ಕೇ ಬಿಟ್ಟು ಓಡ್ತಾಳೆ. ಒಂದಿನ ಮಾತು ಮುಗಿಯೋ ತನಕ ನಿಂತಿಲ್ಲ. ನೀನು ಬಂದ ತಕ್ಷಣ ಹೋಂವರ್ಕ್ ಎಲ್ಲಿ ಅಂತ ಗದರ್ತೀಯ. ಆದ್ರೂ ನಿನ್ನ ಹಿಂದೇನೇ. ನಂಗೂ ಹೊಟ್ಟೆ ಉರಿಯುತ್ತೆ. ಅವಳು ಹೋದ್ರೆ ಮಧ್ಯಾಹ್ನ ಎದ್ದು ನಾನು ಏನು ಮಾಡ್ಲಿ ಹೇಳು?'

ಈ ಮಾತಿಗೆ ಲಿಫ್ಟಣ್ಣನಿಗೆ ಮರುಕ ಬರಬೇಕಿತ್ತು. ಬಂದದ್ದು ಖುಷಿ. ಎಲ್ಲರ ಕಣ್ಮಣಿಯಾಗಿದ್ದ ತಮ್ಮ ತನ್ನನ್ನು ನೋಡಿ ಕರುಬಿದನಲ್ಲ ಎಂಬ ಖುಷಿ. ಮರುಕ್ಷಣವೇ ತನ್ನ ಬಗ್ಗೆ ಅಸಹ್ಯವಾಯಿತು. ಆದರೂ ಸೋಲಲಿಲ್ಲ. 'ತಿಂಗಳ ಕೊನೆಗೆ ಹೋಗ್ತೀವಿ' ಎಂದಷ್ಟೇ ಹೇಳಿದ.

ಮನೆ ಬದಲಾಯಿಸುವ ದಿನ ತಮ್ಮ ಟ್ರಂಕು, ಹಾಸಿಗೆ, ಸೈಕಲ್ಲು ಎಲ್ಲವನ್ನೂ ಹೊತ್ತು ಗಾಡಿಗೆ ತುಂಬಿದ. ಚಿಣ್ಣಿ ಅವನ ಕಾಲು ತಬ್ಬಿಕೊಂಡು ಅತ್ತಳು. 'ಚಿಕ್ಕಪ್ಪನೂ ಬರ್ಲಿ' ಎಂದು ಒಂದೇ ಹಟ. ಲಿಫ್ಟಣ್ಣ ಅವಳನ್ನು ಬಿಡಿಸಿಕೊಂಡು ಗಾಡಿ ಹತ್ತಿಸಿದ. 'ಮನೆ ಕಡೆ ಬನ್ನಿ' ಎಂದು ತಮ್ಮನ ಹೆಂಡತಿಯನ್ನು ಕರೆದ. 'ಬಾ' ಎಂದು ತಮ್ಮನನ್ನು ಕರೆಯಲಿಲ್ಲ.

ಹೊಸ ಮನೆ ಅವನು ಅಂದುಕೊಂಡಂತೆಯೇ ಇತ್ತು. ಮಧ್ಯಾಹ್ನ ಮಗುವನ್ನು ಮೇಡಂ ನೋಡಿಕೊಳ್ಳಲು ಒಪ್ಪಿದರು. ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದರು, ಉಗುರು ಕತ್ತರಿಸುತ್ತಿದ್ದರು. ಸಂಜೆ ಅಪ್ಪ ಮಗಳು ಇಬ್ಬರೇ. ಚಿಣ್ಣಿ ಚಿಕ್ಕಪ್ಪನ ಹೆಸರೆತ್ತಲಿಲ್ಲ. ಒಂದು ವಾರ, ಎರಡು ವಾರ, ಒಂದು ಸಲವೂ ಇಲ್ಲ. ಮಕ್ಕಳ ನೆನಪು ಎಷ್ಟು ದಿನ, ಗೆದ್ದೆ ಎಂದುಕೊಂಡ ಲಿಫ್ಟಣ್ಣ.

ಒಂದು ಸಂಜೆ ಅವಳು ಕಾಗದ ಮಡಚುತ್ತ ಕೂತಿದ್ದಳು. ಅವನು ಹತ್ತಿರ ಬಂದೊಡನೆ ಅದನ್ನು ದಿಂಬಿನ ಕೆಳಗೆ ತುರುಕಿದಳು. ತೆಗೆದು ನೋಡಿದರೆ ಅರ್ಧ ಮಾಡಿದ ಮೊಸಳೆ.

'ಯಾಕೇ ಬಚ್ಚಿಟ್ಟೆ?'

'ಏನಿಲ್ಲ.'

'ಹೇಳು, ಬೈಯಲ್ಲ.'

'ಚಿಕ್ಕಪ್ಪ ಅಂದ್ರೆ ನಿಂಗೆ ಬೇಜಾರಾಗುತ್ತಲ್ಲ ಅಪ್ಪ. ಅದಕ್ಕೇ ನಾನು ಹೇಳಲ್ಲ. ಮನಸ್ಸಲ್ಲೇ ಅಂದ್ಕೋತೀನಿ.'

ಏಳು ವರ್ಷದ ಮಗು ಅಪ್ಪನ ಮುಖ ನೋಡಿ ನಾಲಿಗೆ ಹಿಡಿದುಕೊಳ್ಳುವುದನ್ನು ಕಲಿತಿತ್ತು. ಇದನ್ನು ಕಲಿಸಿದವನು ಚಿಕ್ಕಪ್ಪನಲ್ಲ. ಲಿಫ್ಟಣ್ಣ ಆ ಮೊಸಳೆಯನ್ನು ಅವಳ ಕೈಗೇ ಕೊಟ್ಟ. ಆಮೇಲೆ ಅವಳನ್ನು ಮೇಡಂ ಬಳಿ ಬಿಟ್ಟು, ಪಾಳಿ ಶುರುವಾಗುವ ಮೊದಲೇ ಪ್ರೆಸ್ಸಿನ ಗೇಟಿನ ಹತ್ತಿರ ಹೋಗಿ ನಿಂತ.

ತಮ್ಮ ಗಡ್ಡ ಬಿಟ್ಟಿದ್ದ. ಅಣ್ಣನನ್ನು ಕಂಡು ಗಾಬರಿಯಾದ. 'ಚಿಣ್ಣಿ ಹುಷಾರಾಗಿದಾಳೆ ತಾನೇ?'

'ಹುಷಾರಾಗಿದಾಳೆ.' 'ಫೋನಲ್ಲಿ ಸುಳ್ಳು ಹೇಳಿದ್ಯಲ್ಲ, ಅದನ್ನ ನಾನು ಮರೆಯಲ್ಲ.'

'ಮರೀಬೇಡ. ತಪ್ಪು ನಂದೇ.'

'ಆದ್ರೆ ನಾಳೆಯಿಂದ ಶಾಲೆ ಹತ್ರ ನೀನೇ ಹೋಗು. ನಮ್ಮನೇಗೇ ಕರ್ಕೊಂಡ್ ಬಾ. ಮೇಡಂಗೆ ನಾನು ಹೇಳ್ತೀನಿ.'

ತಮ್ಮ ಅಣ್ಣನ ಅಂಗಿಯ ತೋಳು ಹಿಡಿದುಕೊಂಡು ನಿಂತ. ಒಳಗೆ ಗಂಟೆ ಹೊಡೆಯಿತು. 'ಹೋಗು, ಹೊತ್ತಾಯ್ತು' ಎಂದು ಲಿಫ್ಟಣ್ಣ ತೋಳು ಬಿಡಿಸಿಕೊಂಡ.

ಹೊಟ್ಟೆಕಿಚ್ಚು ಹೋಯಿತೇ ಎಂದರೆ ಇಲ್ಲ. ಸಂಜೆ ಕೆಲಸ ಮುಗಿಸಿ ಬರುವಾಗ ಎರಡನೇ ಮಹಡಿಗೇ ಅವರಿಬ್ಬರ ನಗು ಕೇಳಿಸುತ್ತದೆ. ಅಷ್ಟು ಜೋರಾಗಿ ಅವಳು ತನ್ನ ಜೊತೆ ನಗುವುದಿಲ್ಲವೆಂದು ಅವನಿಗೆ ಗೊತ್ತು. ಅಲ್ಲೇ ಮೆಟ್ಟಿಲ ಮೇಲೆ ಕೂತು ಕೈಯ ಗ್ರೀಸು ಒರೆಸಿಕೊಳ್ಳುತ್ತಾನೆ. ಮುಖ ಒಂದು ಹದಕ್ಕೆ ಬರುವವರೆಗೆ ಏಳುವುದಿಲ್ಲ. ಕೆಲವು ದಿನ ಬೇಗ ಬರುತ್ತದೆ, ಕೆಲವು ದಿನ ತಡ. ಆಮೇಲೆ ಎದ್ದು ಮೇಲೆ ಹೋಗುತ್ತಾನೆ.