ಶಿವವ್ವನ ತುಟಿ

ಅಜ್ಜಿಯ ಕಥೆಗಳಲ್ಲಿ ರಾಜ ಕಂಬಳಿ ಹೊದ್ದು, ವೇಷ ಮರೆಸಿಕೊಂಡು ಪ್ರಜೆಗಳ ಕಷ್ಟ ಕೇಳಲು ಬರುತ್ತಿದ್ದ. ತೊಂಬತ್ನಾಲ್ಕರಲ್ಲಿ ಬನಹಟ್ಟಿಯ ನಮ್ಮ ಓಣಿಗೆ ಸರ್ಕಾರಿ ಟಿವಿಯವರ ಜೀಪು ಬಂದಾಗ ನಾನು ಮೊದಲು ಹುಡುಕಿದ್ದು ಆ ಕಂಬಳಿಯನ್ನೇ. ಇದ್ದದ್ದು ಕ್ಯಾಮೆರಾ.

ಓಣಿಯ ನಳ ಒಣಗಿ ಹನ್ನೆರಡು ದಿನವಾಗಿತ್ತು. ನಮ್ಮ ಚಿಗವ್ವ ಶಿವವ್ವ ಮಗ್ಗ ನಿಲ್ಲಿಸಿ ಬಂದು, ನೀರಿನ ಗೋಳನ್ನೂ ವಾರ್ಡಿನ ಮೆಂಬರ ಶಿದ್ರಾಮಪ್ಪನ ಗುಣಗಾನವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು.

ವಾರದ ಮೇಲೆ ಪ್ರಸಾರವಾಯಿತು. ಎರಡು ಕ್ಷಣ ಚಿಗವ್ವನ ಬಾಯಿ ಆಡಿತು. ಅದರ ಮೇಲೆ ಬೆಂಗಳೂರಿನ ಜೇನುದನಿಯೊಂದು, ‘ನೇಕಾರ ಮಹಿಳೆಯ ಮೊಗದಲ್ಲಿ ಸಂತೃಪ್ತಿ’ ಎಂದಿತು. ನಳ ಒಣಗಿಯೇ ಇತ್ತು.

ಮಹಾಲಿಂಗಪುರದ ಬೆಲ್ಲದ ಪೇಟೆಯಿಂದ ಬಂದು ನಮ್ಮೂರಲ್ಲಿ ಕೇಬಲ್ ಎಳೆದಿದ್ದ ಅಪ್ಪಾಸಾಬನ ಬಳಿ ಚಿಗವ್ವ ಹೋದಳು.

“ಸರಕಾರದವರು ಹಂಗ ಬೇ ಅಕ್ಕಾ. ನಂದು ಸ್ವಂತದ್ದು, ಯಾರಪ್ಪಗೂ ಅಂಜಂಗಿಲ್ಲ,” ಎಂದವನೇ ಮದುವೆಗೆ ಒಯ್ಯುವ ಕ್ಯಾಮೆರಾದಲ್ಲಿ ಆಕೆಯ ಮಾತನ್ನೆಲ್ಲ ಹಿಡಿದ. ಸಂಜೆ ಚಿಗವ್ವನ ಮುಖ ಪೂರ್ತಿ ಐದು ನಿಮಿಷ ಕಾಣಿಸಿತು. ದನಿಯ ಜಾಗದಲ್ಲಿ ಸಿನಿಮಾ ಹಾಡು.

“ಮೆಂಬರ್ರು ಜಾಹೀರಾತು ಕೊಟ್ಟಾರ ಬೇ,” ಎಂದ ಅಪ್ಪಾಸಾಬ, ಕೇಳಲು ಹೋದ ಚಿಗವ್ವನಿಗೆ. “ಮಾರಿ ತೋರಿಸೇನಲ್ಲ!”

ಸರ್ಕಾರಿ ಟಿವಿಗೂ ಖಾಸಗಿ ಟಿವಿಗೂ ಇರುವ ವ್ಯತ್ಯಾಸ ನನಗೆ ಆಗ ತಿಳಿಯಿತು: ಒಂದರಲ್ಲಿ ಹಾಡಿರುವುದಿಲ್ಲ.

ಆದರೆ ಬೆಲ್ಲದ ಪೇಟೆಯವನಿಗೆ ನಮ್ಮ ಊರು ಪೂರ್ತಿ ಗೊತ್ತಿರಲಿಲ್ಲ. ಪವರ್‌ಲೂಮಿನ ಖಟಖಟದಲ್ಲಿ ದನಿಗೆ ಬೆಲೆಯಿಲ್ಲ. ಇಲ್ಲಿ ಎಲ್ಲರೂ ಎದುರಿನವರ ತುಟಿ ನೋಡಿಯೇ ಮಾತು ತಿಳಿಯುತ್ತಾರೆ. ಮರುದಿನ ಚಹಾದಂಗಡಿಯಲ್ಲಿ ಮೆಂಬರನನ್ನು ಕಂಡವರೆಲ್ಲ, ದನಿಯಿಲ್ಲದೆ, ಚಿಗವ್ವನ ಹಾಗೆಯೇ ತುಟಿ ಆಡಿಸತೊಡಗಿದರು.

ಸಂಜೆ ಮೆಂಬರನೇ ನಮ್ಮ ಮನೆಗೆ ಬಂದ.

“ಏನ ಬೇ ಶಿವವ್ವ, ನನಗ ಮುದಿ ಕ್ವಾಣಾ ಅಂದಿ?”

“ದನಿ ಕೇಳಿತೇನ್ರಿ?”

“ಹತ್ತ ವರ್ಷ ಮಗ್ಗಾ ನಡಿಸೇನಿ. ನನ್ನ ಕಣ್ಣ ಹೋಗ್ಯಾವೇನು?”

“ಹಂಗಾರ ನೀರಿನ ಮಾತೂ ಕಂಡಿರಬೇಕಲ್ರಿ. ಕ್ವಾಣಕ್ಕಿಂತ ಮೊದಲ ಅದನ್ನ ಅಂದಿದ್ದೆ.”

ಮೆಂಬರ ಚಪ್ಪಲಿ ಮೆಟ್ಟಿದ.

ನಾಲ್ಕನೇ ದಿನ ನಳದಲ್ಲಿ ನೀರು ಬಂತು. ಬೆನ್ನಿಗೇ ಅಪ್ಪಾಸಾಬನ ಕ್ಯಾಮೆರಾ ಬಂತು, ಅದರ ಬೆನ್ನಿಗೆ ಹಾರ ಹಾಕಿಕೊಂಡ ಮೆಂಬರ.

“ಅಕ್ಕಾ, ಈ ಕಡಿ ಮಾರಿ ಮಾಡಿ ನಗು.”

ಚಿಗವ್ವ ಕೊಡ ಇಳಿಸಿ ತಿರುಗಿದಳು. ಆಕೆ ಬಾಯಿ ತೆರೆಯುವಷ್ಟರಲ್ಲಿ ಮೆಂಬರ ಓಡಿ ಬಂದು ಕ್ಯಾಮೆರಾಕ್ಕೆ ಕೈ ಅಡ್ಡ ಹಿಡಿದ.

“ಮಾರಿ ಬ್ಯಾಡೋ! ಬರೇ ನಳಾ ತೋರಿಸು!”