ಗೆರೆಯಾಚೆಯ ಚೆಂಡು

ಒಂದು ರಾಜ್ಯವಿತ್ತು. ಅಲ್ಲಿನ ಜನರಿಗೆ ಕಾಲ್ಚೆಂಡಾಟವೆಂದರೆ ಪ್ರಾಣ. ಹುಡುಗನನ್ನು ನೋಡಲು ಹೋದ ಹೆಣ್ಣಿನ ಕಡೆಯವರು ಅವನ ಹೊಲಮನೆ ವಿಚಾರಿಸುವ ಮೊದಲು ಎಡಗಾಲಿನಲ್ಲಿ ಒದೆಯುತ್ತಾನೋ ಬಲಗಾಲಿನಲ್ಲೋ ಎಂದು ಕೇಳುತ್ತಿದ್ದರು. ಬೇರೆ ಯಾವ ಆಟವೂ ಅಲ್ಲಿ ನೆಲೆ ನಿಲ್ಲಲಿಲ್ಲ. ಏಕೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಚೆಂಡು ತೊಗಲಿನದು. ತೊಗಲನ್ನು ಹದಮಾಡಿ, ಕತ್ತರಿಸಿ, ಚೆಂಡು ಹೊಲಿಯುವವರು ಹೊರಕೇರಿಯ ಜನ. ಊರೊಳಗಿನವರು ಅದನ್ನು ಕೈಯಿಂದ ಮುಟ್ಟುವಂತಿರಲಿಲ್ಲ. ಕಾಲಿನಿಂದ ಮುಟ್ಟಬಹುದಿತ್ತು. ಕಾಲು ಹೇಗಿದ್ದರೂ ನೆಲದ ಮೇಲಿರುವಂಥದ್ದು, ಮನೆಗೆ ಬಂದು ತೊಳೆದುಕೊಂಡರೆ ಆಯಿತು. ಹಾಗಾಗಿ ಜಗತ್ತಿನ ಅಷ್ಟೂ ಆಟಗಳಲ್ಲಿ ಇದೊಂದನ್ನು ದೇವರು ತಮಗೆಂದೇ ಎತ್ತಿಟ್ಟಿದ್ದಾನೆ ಎಂದು ಊರವರು ನಂಬಿದ್ದರು.

ಆದರೆ ಆಟದ ನಿಯಮ ಬರೆದವರು ಆ ರಾಜ್ಯದವರಲ್ಲವಲ್ಲ. ಗೋಲ್‌ಕೀಪರ್ ಆದವನು ಚೆಂಡನ್ನು ಕೈಯಲ್ಲಿ ಹಿಡಿಯಲೇಬೇಕು. ಅದಕ್ಕೆ ಹೊರಕೇರಿಯವನೊಬ್ಬನನ್ನು ತಂದು ನಿಲ್ಲಿಸುತ್ತಿದ್ದರು. ಇನ್ನೊಂದು ತೊಡಕಿತ್ತು. ಚೆಂಡು ಪಕ್ಕದ ಗೆರೆ ದಾಟಿ ಆಚೆ ಹೋದರೆ ಅದನ್ನು ಎರಡೂ ಕೈಯಲ್ಲಿ ಎತ್ತಿ, ತಲೆಯ ಮೇಲಿನಿಂದ ಒಳಕ್ಕೆ ಎಸೆಯಬೇಕು. ಬೇರೆ ದೇಶಗಳಲ್ಲಿ ಹತ್ತಿರವಿದ್ದವನು ಎಸೆಯುತ್ತಾನೆ. ಇಲ್ಲಿ ಹತ್ತು ಜನ ಚೆಂಡಿನ ಸುತ್ತ ನಿಂತು ಗೋಲಿನ ಕಡೆ ತಿರುಗಿ ಕೂಗುತ್ತಿದ್ದರು: "ದ್ಯಾವಾ!"

ದ್ಯಾವಣ್ಣ ಹದಿನೆಂಟು ವರ್ಷ ಆ ರಾಜ್ಯದ ಗೋಲ್‌ಕೀಪರ್ ಆಗಿದ್ದವನು. ಕೂಗು ಬಿದ್ದ ಕೂಡಲೇ ಗೋಲನ್ನು ಬಿಟ್ಟು ಬಯಲಿನುದ್ದಕ್ಕೂ ಓಡಿ ಬರುತ್ತಿದ್ದ, ಚೆಂಡೆಸೆದು ಮತ್ತೆ ಓಡುತ್ತಿದ್ದ. ಎದುರಾಳಿಗಳಿಗೆ ಇದು ಅರ್ಥವಾಗಲು ಅರ್ಧ ಆಟ ಸಾಕಾಯಿತು. ಬೇಕೆಂದೇ ಚೆಂಡನ್ನು ಆಚೆ ಒದೆಯುವರು, ದ್ಯಾವಣ್ಣ ಬಂದು ಎಸೆಯುವವರೆಗೆ ಕಾಯುವರು, ಎಸೆದ ಚೆಂಡನ್ನು ಕಸಿದುಕೊಂಡು ಖಾಲಿ ಗೋಲಿಗೆ ಹೊಡೆಯುವರು. ಅವನು ಎಷ್ಟೋ ಸಲ ಚೆಂಡಿಗಿಂತ ಮೊದಲೇ ಗೋಲು ಮುಟ್ಟಿ ಅದನ್ನು ತಡೆದದ್ದೂ ಉಂಟು. ತಡೆಯಲಾಗದ ದಿನ ದಫ್ತರದ ಬರಹಗಾರ ತನ್ನ ಪುಸ್ತಕದಲ್ಲಿ ಒಂದೇ ಸಾಲು ಬರೆಯುತ್ತಿದ್ದ: ಗೋಲ್‌ಕೀಪರ್ ಗೋಲು ಬಿಟ್ಟ.

ಆಟದ ಬಯಲಿನ ಸುತ್ತ ಎತ್ತರದ ಗೋಡೆಯಿತ್ತು. ಊರವರು ಹೆಬ್ಬಾಗಿಲಿನಿಂದ ಬಂದು ಕಲ್ಲಿನ ಮೆಟ್ಟಿಲುಗಳ ಮೇಲೆ ಕೂರುತ್ತಿದ್ದರು. ಗೋಲ್‌ಕೀಪರ್ ಬರುವುದು ಹಿಂದಿನ ದಿಡ್ಡಿಬಾಗಿಲಿನಿಂದ, ತಲೆ ಬಗ್ಗಿಸಿಕೊಂಡು. ಹೊರಕೇರಿಯ ಉಳಿದವರು ಗೋಡೆಯ ಆಚೆ ನಿಲ್ಲಬೇಕು. ತೀರ ಮೇಲಕ್ಕೆ ಹಾರಿದ ಚೆಂಡಷ್ಟೇ ಅವರಿಗೆ ಕಾಣುತ್ತಿತ್ತು. ಒಳಗೆ ಕೂಗೆದ್ದಾಗ ಗೋಡೆಯ ಮೇಲಿನ ಕಾವಲುಗಾರನನ್ನು "ಯಾರ್ದು ಗೋಲು?" ಎಂದು ಕೇಳುವರು. ಮನಸ್ಸು ಬಂದರೆ ಅವನು ಹೇಳುತ್ತಿದ್ದ.

ದ್ಯಾವಣ್ಣನ ಮಗಳು ಚೆನ್ನಾಜಮ್ಮ ಆ ರಾಜ್ಯದಲ್ಲಿ ಎಲ್ಲರಿಗಿಂತ ಚೆನ್ನಾಗಿ ಚೆಂಡು ಹೊಲಿಯುವವಳು. ತಾನು ಹೊಲಿದ ಚೆಂಡು ಗೋಡೆಯ ಮೇಲೆ ಒಂದು ಗಳಿಗೆ ಕಾಣಿಸಿ ಮರೆಯಾಗುವುದನ್ನು ನೋಡಿಯೇ ಅವಳು ದೊಡ್ಡವಳಾದಳು. ಅಪ್ಪ ಆಡುವುದನ್ನು ಒಂದು ಸಲವೂ ನೋಡಿರಲಿಲ್ಲ. ದ್ಯಾವಣ್ಣನ ಮೊಣಕಾಲು ಸವೆದು ಅವನು ಮನೆ ಸೇರಿದ ಮೇಲೂ ಇದೊಂದು ಅವನ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು.

ಆ ರಾಜ್ಯದ ಅರಸ ಕೂತಲ್ಲಿ ಕೂರಲಾರದ ಮನುಷ್ಯ. ಸಿಂಹಾಸನದಲ್ಲಿದ್ದಾಗಲೂ ಅವನ ಪಾದ ನೆಲವನ್ನು ಬಡಿಯುತ್ತಲೇ ಇರುತ್ತಿತ್ತು. ನಾಲ್ಕು ವರ್ಷ ಸತತವಾಗಿ ಸೋತಮೇಲೆ ಅವನಿಗೊಂದು ಯೋಚನೆ ಬಂತು. ಬರುವ ವರ್ಷದ ತಂಡವನ್ನು ಆರಿಸಿದರೆ ಅದೂ ಸೋಲಬಹುದು. ಅದರ ಬದಲು ಇದುವರೆಗೆ ಆಡಿದವರಲ್ಲೆಲ್ಲ ಶ್ರೇಷ್ಠರಾದ ಹನ್ನೊಂದು ಮಂದಿಯನ್ನು ಆರಿಸಿಬಿಟ್ಟರೆ? ಹೆಸರುಗಳನ್ನು ಹೆಬ್ಬಾಗಿಲಿನ ಕಲ್ಲಿನಲ್ಲಿ ಕೆತ್ತಿಸುವುದು. ಅವರ ಮನೆಯವರು ಯಾವ ಕೇರಿಯವರೇ ಆಗಲಿ, ತಲೆಮಾರುಗಳವರೆಗೆ ಹೆಬ್ಬಾಗಿಲಿನಿಂದ ಬಂದು ಮುಂದಿನ ಮೆಟ್ಟಿಲಿನಲ್ಲಿ ಕೂರಬಹುದು. ಆ ಹನ್ನೊಂದು ಜನ ನೆರೆರಾಜ್ಯದ ಮೇಲೆ ಒಂದು ಆಟ ಆಡುವುದು. ಸತ್ತವರ ಬದಲಿಗೆ ಅವರ ಮೊಮ್ಮಕ್ಕಳು.

ಡಂಗುರ ಕೇಳಿದ ಸಂಜೆ ದ್ಯಾವಣ್ಣ ಊಟ ಮಾಡಲಿಲ್ಲ. ಹೊಸಿಲಿಗೂ ಒಲೆಗೂ ನಡುವೆ ಓಡಾಡಿದ.

"ಕೂತ್ಕೊಳಪ್ಪ, ಕಾಲ್ ನೋಯ್ತದೆ" ಎಂದಳು ಚೆನ್ನಾಜಮ್ಮ.

"ಕೂರಕ್ ಆಯ್ತಿಲ್ಲ ಕವ್ವ. ನೀನ್ ಒಳಿಕ್ಕೆ ಬರಂಗಾಯ್ತದೆ. ಮೆಟ್ಲ ಮ್ಯಾಲೆ ಕೂತು ನೋಡಂಗಾಯ್ತದೆ."

ಆರಿಸುವ ಕೆಲಸ ಮೂವರಿಗೆ ಬಿತ್ತು: ಮಂತ್ರಿ, ದಫ್ತರದ ಬರಹಗಾರ, ಮತ್ತು ದ್ಯಾವಣ್ಣನ ಕಾಲದಲ್ಲಿ ತಂಡದ ನಾಯಕನಾಗಿದ್ದವನು. ನಾಯಕ ಮೊದಲ ದಿನವೇ ತನ್ನನ್ನು ಆರಿಸಿಕೊಂಡ. ಉಳಿದ ಒಂಬತ್ತಕ್ಕೆ ಊರೆಲ್ಲ ಕಿತ್ತಾಡಿತು. ಮೇಲಿನ ಬೀದಿಯವರು ತಮಗೆ ಮೂರು ಬೇಕೆಂದರು. ಕೆರೆಬೀದಿಯವರು ತಮ್ಮ ಮುತ್ತಾತ ಹೊಡೆದ ಒಂದು ಗೋಲನ್ನು ಊರ ಸಾಕ್ಷಿಗಳ ಸಮೇತ ವಿವರಿಸಿದರು. ಎಡಬದಿಯ ಜಾಗಕ್ಕಾಗಿ ನಿಶ್ಚಯವಾಗಿದ್ದ ಎರಡು ಮದುವೆ ಮುರಿದವು. ಯಾರಿಗೂ ನಿದ್ದೆಯಿಲ್ಲ, ಯಾರ ಕೈಯೂ ಕೆಲಸಕ್ಕೆ ಹತ್ತುತ್ತಿಲ್ಲ. ಆರು ತಿಂಗಳಾದ ಮೇಲೆ ಹತ್ತು ಹೆಸರು ಸಿದ್ಧವಾದವು. ಗೋಲ್‌ಕೀಪರ್ ಜಾಗಕ್ಕೆ ಮಾತ್ರ ಜಗಳವಿರಲಿಲ್ಲ. ಅಲ್ಲಿ ನಿಂತ ಹೊರಕೇರಿಯವರಲ್ಲೆಲ್ಲ ದ್ಯಾವಣ್ಣನ ಸಮ ಯಾರಿದ್ದರು?

ಹಾಗೆಂದುಕೊಂಡ ಮೇಲೆ ಒಬ್ಬೊಬ್ಬರಿಗೂ ಹೆಬ್ಬಾಗಿಲು ನೆನಪಾಯಿತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಬಾಗಿಲಿನ ಮಾತನ್ನು ಯಾರೂ ಎತ್ತಲಿಲ್ಲ. ಬರಹಗಾರ ಪುಸ್ತಕ ತೆಗೆದ. ದ್ಯಾವಣ್ಣನಿಗೆ ಕರೆ ಹೋಯಿತು.

"ಮುನ್ನೂರ ಹನ್ನೊಂದು ಗೋಲು ಬಿಟ್ಟಿದ್ದೀಯಲ್ಲೋ ದ್ಯಾವ" ಎಂದ ಮಂತ್ರಿ. "ಇಂಥವನನ್ನ ಶ್ರೇಷ್ಠ ಅಂತ ಹೇಗಪ್ಪ ಬರೆಸೋದು? ನಾವು ಯೋಗ್ಯತೆ ಒಂದನ್ನೇ ನೋಡ್ತಿರೋದು."

"ಆಗ ನಾನು ಗೋಲಲ್ಲಿ ಇರ್ನಿಲ್ಲ, ಬುದ್ಧಿ."

"ಮತ್ತೆ ಎಲ್ಲಿದ್ದೆ?"

"ಚೆಂಡು ಎತ್ತಾಕಕ್ಕೆ ಹೋಗಿದ್ದೆ. ಇವರೇ ಕೂಗಿದ್ರು" ಎಂದು ದ್ಯಾವಣ್ಣ ನಾಯಕನತ್ತ ನೋಡಿದ. ನಾಯಕ ಚಾವಣಿಯ ತೊಲೆಗಳನ್ನು ಎಣಿಸುತ್ತಿದ್ದ.

"ಗೋಲು ಬಿತ್ತೋ ಇಲ್ಲವೋ, ಅಷ್ಟೇ ಇದರಲ್ಲಿರೋದು" ಎಂದ ಬರಹಗಾರ. "ಗೋಲ್‌ಕೀಪರ್ ಎಲ್ಲಿದ್ದ ಅಂತ ಬರೆಯೋಕೆ ಕಾಲಂ ಇಲ್ಲ."

ದ್ಯಾವಣ್ಣ ಕೈಮುಗಿದು ಹೊರಟ. ಅವನು ಹೋದಮೇಲೆ ಒಂದೇ ಒಂದು ಗೋಲೂ ಬಿಡದ ಗೋಲ್‌ಕೀಪರ್ ಬೇಕೆಂದು ಪುಸ್ತಕ ಹುಡುಕಿದರು. ಅಂಥವನು ಸಿಕ್ಕಿದ. ಮಂತ್ರಿಯ ಸೋದರಳಿಯ ಜೀವಮಾನದಲ್ಲಿ ಗೋಲಿನಲ್ಲಿ ನಿಂತವನಲ್ಲ. ಅವನ ಹೆಸರಿನ ಮುಂದೆ ಸೊನ್ನೆ ಇತ್ತು. ಕೈ ಸೋಕಿಸದೆ ಎದೆಯಲ್ಲೂ ಕಾಲಲ್ಲೂ ಚೆಂಡು ತಡೆಯುತ್ತೇನೆ ಎಂದು ಅವನು ಮಾತು ಕೊಟ್ಟ. ಅವನ ಹೆಸರನ್ನು ಕಲ್ಲಿನಲ್ಲಿ ಕೆತ್ತಿದರು.

ಮೂರು ದಿನ ದ್ಯಾವಣ್ಣ ಮಗಳ ಕಣ್ಣು ತಪ್ಪಿಸಿ ಓಡಾಡಿದ. ಅವನಿಗೆ ಸಿಟ್ಟಿಗಿಂತ ನಾಚಿಕೆ ಹೆಚ್ಚಾಗಿತ್ತು. ಮಗಳಿಗೆ ಆಸೆ ತೋರಿಸಿಬಿಟ್ಟಿದ್ದನಲ್ಲ. ಚೆನ್ನಾಜಮ್ಮ ಶ್ರೇಷ್ಠ ತಂಡದ ಆಟಕ್ಕೆಂದು ಎರಡು ಚೆಂಡು ಹೊಲಿಯುತ್ತಿದ್ದಳು, ಒಂದು ಆಟಕ್ಕೆ, ಇನ್ನೊಂದು ಇರಲಿ ಎಂದು. ದಾರ ಎಳೆಯುತ್ತ ತಲೆಯೆತ್ತದೆ ಕೇಳಿದಳು: "ಅಪ್ಪ, ಗೆರೆ ದಾಟಿದ್ ಚೆಂಡ ಯಾರ್ ಎತ್ತಾರು?"

ದ್ಯಾವಣ್ಣನಿಗೆ ಅದು ಹೊಳೆದೇ ಇರಲಿಲ್ಲ. ಮೂವರಿಗೂ ಹೊಳೆದಿರಲಿಲ್ಲ. ಅಷ್ಟು ವರ್ಷ ಅದು ತಾನಾಗಿಯೇ ಒಳಗೆ ಬರುತ್ತದೆ ಎಂಬಂತೆ ಅವರು ಆಡಿಕೊಂಡು ಬಂದಿದ್ದರು.

ಆಟದ ದಿನ ಮೆಟ್ಟಿಲುಗಳು ತುಂಬಿ ತುಳುಕಿದವು. ಬಾಗಿಲ ಕಲ್ಲಿಗೆ ಹೂವು ಹಾಕಿದ್ದರು. ಈ ಆಟ ಮುಗಿಯುವವರೆಗೆ ಏಳುವುದಿಲ್ಲವೆಂದು ಅರಸ ಎಲ್ಲರೆದುರು ಆಣೆ ಮಾಡಿ ಕೂತ. ಅರಸ ಏಳದೆ ಬೇರೆಯವರು ಏಳುವುದು ಆ ರಾಜ್ಯದಲ್ಲಿ ಅಪರಾಧ. ಶ್ರೇಷ್ಠ ತಂಡ ಬಯಲಿಗೆ ಇಳಿಯಿತು. ಐವರಿಗೆ ಹೊಟ್ಟೆ ಬಂದಿತ್ತು, ಆದರೂ ಜನಕ್ಕೆ ಕಣ್ಣು ತುಂಬಿ ಬಂತು. ರೆಫರಿ ಸೀಟಿ ಊದಿದ. ನೆರೆರಾಜ್ಯದವನೊಬ್ಬ ಚೆಂಡನ್ನು ಕಾಲಿಗೆ ತೆಗೆದುಕೊಂಡು, ತನ್ನ ಅಪ್ಪ ಹೇಳಿಕೊಟ್ಟಂತೆ, ಸುಮ್ಮನೆ ಪಕ್ಕದ ಗೆರೆಯಾಚೆ ಒದೆದ.

ಚೆಂಡು ಹೋಗಿ ಹುಲ್ಲಿನ ಮೇಲೆ ನಿಂತಿತು. ಹತ್ತು ಶ್ರೇಷ್ಠರು ಅದರ ಸುತ್ತ ನೆರೆದು, ಅಭ್ಯಾಸದಂತೆ ಗೋಲಿನ ಕಡೆ ತಿರುಗಿದರು. ಗೋಲಿನಲ್ಲಿದ್ದ ಸೋದರಳಿಯ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ.

ಹೊರಕೇರಿಯಲ್ಲಿ ದ್ಯಾವಣ್ಣ ಜಗಲಿಯ ಮೇಲಿದ್ದ. ಕೂಗು ಎದ್ದದ್ದು ಕೇಳಿಸಿತು, ಆಮೇಲೆ ತಟ್ಟನೆ ನಿಂತದ್ದೂ ಕೇಳಿಸಿತು. ಆ ಮೌನ ಏನೆಂದು ಅವನ ಮೊಣಕಾಲಿಗೆ ಗೊತ್ತಿತ್ತು. ತನಗೇ ಅರಿವಿಲ್ಲದೆ ಎದ್ದು ನಾಲ್ಕು ಹೆಜ್ಜೆ ಓಡಿಯೂಬಿಟ್ಟಿದ್ದ. ಚೆನ್ನಾಜಮ್ಮ ರಟ್ಟೆ ಹಿಡಿದು ನಿಲ್ಲಿಸಿದಳು. "ಯಾರೂ ಕೂಗ್ನಿಲ್ಲ, ನಿಂತ್ಕೊ."

ಆಮೇಲೆ ಕೂಗುವವನೂ ಬಂದ. ನಾಯಕ ಆಟದ ಬಟ್ಟೆಯಲ್ಲೇ ದಿಡ್ಡಿಬಾಗಿಲಿನಿಂದ ತೂರಿಕೊಂಡು, ಏದುಸಿರು ಬಿಡುತ್ತ ಓಡಿ ಬಂದ. ಆ ಕೇರಿಗೆ ಅವನು ಕಾಲಿಟ್ಟದ್ದು ಅದೇ ಮೊದಲು.

"ದ್ಯಾವಾ, ಬಾರೋ, ಬೇಗ! ಚೆಂಡು ಆಚೆ ಬಿದ್ದಿದೆ. ಒಂದು ಸಲ ಎಸೆದು ಹೋಗು, ಸಾಕು."

ದ್ಯಾವಣ್ಣನ ಒಂದು ಕಾಲು ಆಗಲೇ ಮುಂದಕ್ಕೆ ಹೋಗಿತ್ತು. ಓಡಬೇಕೆಂಬ ತವಕ ಮೈಯೆಲ್ಲ ತುಂಬಿಕೊಂಡು ಬಂತು. ಹದಿನೆಂಟು ವರ್ಷದ ಅಭ್ಯಾಸ ಸಾಮಾನ್ಯವೇ? ಅವನು ಮಗಳ ಕಡೆ ನೋಡಿದ. ಆಮೇಲೆ ಕೇಳಿದ: "ಯಾವ ಬಾಗ್ಲಿಂದ ಬರ್ಲಿ, ಬುದ್ಧಿ?"

"ಕೇಳಿಕೊಂಡು ಬರ್ತೀನಿ" ಎಂದು ನಾಯಕ ಬಂದ ದಾರಿಯಲ್ಲೇ ಓಡಿದ.

ಮಂತ್ರಿ, ಬರಹಗಾರ, ನಾಯಕ ಮೆಟ್ಟಿಲಿನ ಕೆಳಗೆ ಸಭೆ ಕೂತರು. ಹೆಬ್ಬಾಗಿಲು ಎಂದರೆ ಊರು ಒಪ್ಪುವುದಿಲ್ಲ, ದಿಡ್ಡಿಬಾಗಿಲು ಎಂದರೆ ದ್ಯಾವಣ್ಣ ಬರುವುದಿಲ್ಲ. ಊರವರೇ ಯಾರಾದರೂ ಎತ್ತಬಹುದೆಂದು ರೆಫರಿ ಸೂಚಿಸಿದಾಗ ಮೂವರೂ ಅವನನ್ನು ಹುಚ್ಚನನ್ನು ನೋಡಿದಂತೆ ನೋಡಿದರು. ಚೆಂಡನ್ನು ಎಷ್ಟು ಹೊತ್ತಿನೊಳಗೆ ಎಸೆಯಬೇಕೆಂದು ರೆಫರಿಯ ಪುಸ್ತಕದಲ್ಲಿ ಬರೆದಿರಲಿಲ್ಲ. ಅವನು ಗಡಿಯಾರ ನಿಲ್ಲಿಸಿ ನೆರಳಿನಲ್ಲಿ ಕೂತ. ಬಿಸಿಲು ಏರಿತು. ಅರಸನ ಪಾದ ನೆಲವನ್ನು ಬಡಿಯುತ್ತಿತ್ತು.

ನೆರೆರಾಜ್ಯದವರಿಗೆ ಬೇಸರವಾಗಿ ನೀರಡಿಕೆಯೂ ಆಯಿತು. ದಿಡ್ಡಿಬಾಗಿಲು ತೆರೆದೇ ಇತ್ತು. ಒಬ್ಬೊಬ್ಬರಾಗಿ ಆಚೆ ಹೋದರು. ಚೆನ್ನಾಜಮ್ಮ ಕೊಡದಿಂದ ನೀರು ಬಗ್ಗಿಸಿದಳು. ಅವರ ನಾಯಕ ಕುಡಿದು ಮುಖ ಒರೆಸಿಕೊಳ್ಳುತ್ತ ದ್ಯಾವಣ್ಣನನ್ನೇ ನೋಡಿದ.

"ಯಜಮಾನ್ರೇ, ಗೋಲು ಬಿಟ್ಟು ಓಡಿ ಬರ್ತಿದ್ದವರು ನೀವೇ ಅಲ್ವಾ? ನಮ್ಮಪ್ಪ ನಿಮ್ಮ ಮೇಲೆ ಆಡಿದ್ರು. ಅವನು ಗೋಲಲ್ಲಿ ಇರೋವಾಗ ಹೊಡೀಬೇಡ ಕಣೋ, ದಂಡ, ಅವನು ಆಚೆ ಹೋಗೋ ತನಕ ಕಾಯಿ, ಅಂತಿದ್ರು."

ಯಜಮಾನ್ರೇ ಎಂದು ದ್ಯಾವಣ್ಣನನ್ನು ಯಾರೂ ಕರೆದಿರಲಿಲ್ಲ. ಚೆನ್ನಾಜಮ್ಮ ಒಳಗೆ ಹೋಗಿ ಎರಡನೆಯ ಚೆಂಡನ್ನು ತಂದು ಅವರ ನಡುವೆ ಹಾಕಿದಳು.

ತೊಗಲು ಒಣಹಾಕುವ ಬಯಲಿನಲ್ಲಿ ನಾಲ್ಕು ಗೂಟ ನೆಟ್ಟು ಗೋಲು ಮಾಡಿದರು. ಬಂದವರು ಹನ್ನೊಂದು, ಕೇರಿಯವರು ಸೇರಿದಷ್ಟು, ಬೆರೆತು ಎರಡು ತಂಡವಾದರು. ದ್ಯಾವಣ್ಣ ಒಂದು ಗೋಲಿನಲ್ಲಿ ನಿಂತ. ಎರಡು ನಿಮಿಷವಾಗಿರಲಿಲ್ಲ, ಚೆಂಡು ಗೆರೆಯಾಚೆ ಹೋಯಿತು. ದ್ಯಾವಣ್ಣ ಓಡಿದ. ಅರ್ಧ ದಾರಿ ಬಂದಿದ್ದನೋ ಇಲ್ಲವೋ, ಅವನ ತಂಡಕ್ಕೆ ಸೇರಿಕೊಂಡಿದ್ದ ನೆರೆರಾಜ್ಯದವನೊಬ್ಬ ಬಗ್ಗಿ ಚೆಂಡನ್ನು ಎರಡೂ ಕೈಯಲ್ಲಿ ಎತ್ತಿ, ಎಸೆದು, ಕೈಯನ್ನು ಬಟ್ಟೆಗೆ ಕೂಡ ಒರೆಸಿಕೊಳ್ಳದೆ ಆಟಕ್ಕೆ ಓಡಿದ. ದ್ಯಾವಣ್ಣ ಬಯಲಿನ ನಡುವೆ ನಿಂತುಬಿಟ್ಟ. ಓಡಬೇಕಾಗಿಲ್ಲದ ಕಾಲುಗಳನ್ನು ಏನು ಮಾಡುವುದೆಂದು ಅವನಿಗೆ ತಿಳಿಯಲಿಲ್ಲ. ಆಮೇಲೆ ಮೆಲ್ಲಗೆ ನಡೆದುಕೊಂಡು ತನ್ನ ಗೋಲಿಗೆ ಹೋದ. ಮುಂದೆ ಅವನ ಕಡೆ ಬಂದ ಒಂದು ಚೆಂಡೂ ಒಳಗೆ ಹೋಗಲಿಲ್ಲ. ಚೆನ್ನಾಜಮ್ಮ ಗೆರೆಯ ಪಕ್ಕದಲ್ಲಿ ನಿಂತು ಅಷ್ಟನ್ನೂ ನೋಡಿದಳು, ಕಣ್ಣು ಒರೆಸಿಕೊಳ್ಳುತ್ತ ನೋಡಿದಳು. ಕೊನೆಗೆ ತಡೆಯಲಾರದೆ ತಾನೂ ಇಳಿದು, ಬಂದ ಚೆಂಡನ್ನು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಒದ್ದಳು.

ಗೋಡೆಯ ಒಳಗೆ ಇನ್ನೂ ಸಭೆ ನಡೆಯುತ್ತಿತ್ತು. ಶ್ರೇಷ್ಠ ತಂಡ ಚೆಂಡಿನ ಸುತ್ತ ನಿಂತಲ್ಲೇ ನಿಂತಿತ್ತು. ಆಟ ಮುಗಿಯದ್ದರಿಂದ ಅದು ಸೋತಿರಲಿಲ್ಲ. ಬರಹಗಾರ ಗೋಲು ಬಿಟ್ಟ ಕಡೆ ಸೊನ್ನೆ ಬರೆದು ಅಡಿಗೆರೆ ಎಳೆದಿದ್ದ. ಆಚೆಯಿಂದ ದೊಡ್ಡದೊಂದು ಕೂಗೆದ್ದಿತು. ಮೆಟ್ಟಿಲುಗಳ ಮೇಲಿದ್ದ ಸಾವಿರಾರು ಜನ ಕುತ್ತಿಗೆ ಚಾಚಿದರು. ಗೋಡೆಯ ಮೇಲೆ ಒಂದು ಚೆಂಡು ಕಾಣಿಸಿ, ಒಂದು ಗಳಿಗೆ ಅಲ್ಲೇ ಇದ್ದು, ಆಚೆ ಇಳಿಯಿತು. ಮತ್ತೆ ಕೂಗು.

ಅರಸ ಏಳುವಂತಿರಲಿಲ್ಲ. ಕೂತಲ್ಲಿಂದಲೇ ಗೋಡೆಯ ಮೇಲಿನ ಕಾವಲುಗಾರನನ್ನು ಕೂಗಿ ಕೇಳಿದ: "ಏಯ್, ಯಾರದು ಗೋಲು?"

ಕಾವಲುಗಾರ ಆಚೆಗೆ ಮುಖ ಮಾಡಿ ನಿಂತಿದ್ದ. ತಿರುಗಲಿಲ್ಲ.