ಸೊಸೆಗೆ ತಂದಂಥದೇ ಸೀರೆ

ಮುಂಡಗೋಡದ ಬಟ್ಟೆ ಅಂಗಡಿಯಲ್ಲಿ ಮಣಿಬಾಯಿ ಮಗಳು ತುಳಜಾಳ ಮದುವೆಗೆಂದು ಹಸಿರು ರೇಷ್ಮೆ ಸೀರೆ ಆರಿಸಿ, ಸೆರಗನ್ನು ಅವಳ ಹೆಗಲ ಮೇಲೆ ಹಾಕಿ ನೋಡುತ್ತಿದ್ದಳು. ಆಗಲೇ ಶಿವಗಂಗವ್ವ ಒಳಗೆ ಬಂದಳು. ಸನವಳ್ಳಿಯಲ್ಲಿ ಮಣಿಬಾಯಿ ಕೂಲಿಗೆ ಹೋಗುತ್ತಿದ್ದದ್ದು ಅವಳ ಹೊಲಕ್ಕೇ. ನಿನ್ನೆ ಸೊಸೆಗೆಂದು ಒಯ್ದ ಸೀರೆಗೆ ಗೊಂಡೆ ಹಾಕಿಸಲು ಬಂದಿದ್ದಳು. ಅದೂ ಹಸಿರು, ಅದೇ ಅಂಚು.

"ಮಣಿಬಾಯಿ, ಅದನ್ನ ಇಡು. ಅಂಥಾದ್ದ ನನ್ನ ಸೊಸಿಗೆ ತಗೊಂಡೇನಿ. ಬ್ಯಾರೇದು ನೋಡು."

"ಕುಕ್ಕರ್ ತಗೊಳ್ಳುವಾಗ 'ನಮ್ಮನ್ಯಾಗ ಇದ್ದಂಥಾದ್ದ ತಗೋ' ಅಂತ ನೀವ ಹೇಳಿದ್ರಲ್ಲಾ, ಅವ್ವಾರ?"

"ಕುಕ್ಕರ್ ಅಡಗಿಮನ್ಯಾಗ ಇರ್ತೈತಿ. ಸೀರಿ ಮಂದಿ ನೋಡ್ತಾರ."

ಅಂಗಡಿಯ ಸಿದ್ದಲಿಂಗ ಮಡಚುತ್ತಿದ್ದ ಬಟ್ಟೆ ಹಾಗೇ ಹಿಡಿದು ನಿಂತ. ತುಳಜಾ ಹೆಗಲಿನಿಂದ ಸೆರಗು ಜಾರಿಸಿದಳು. ಗೋವಿನಜೋಳದ ಕಟಾವು ಎದುರಿಗಿತ್ತು; ಒಂದು ಮಾತು ಹೆಚ್ಚಾದರೆ ಮಣಿಬಾಯಿಯ ಕೆಲಸ ಹೋಗುತ್ತಿತ್ತು. ಆದರೂ ಅವಳು ಸೆರಗೆತ್ತಿ ಮತ್ತೆ ಮಗಳ ಹೆಗಲಿಗೆ ಹಾಕಿದಳು.

"ಇದನ್ನ ಕಟ್ರಿ," ಎಂದು ಸಿದ್ದಲಿಂಗನಿಗೆ ಹೇಳಿದಳು.

ಶಿವಗಂಗವ್ವ ಚೀಲದಿಂದ ತನ್ನ ಸೀರೆ ತೆಗೆದು ಅವನ ಮುಂದೆ ಒಗೆದಳು. "ಇದನ್ನ ವಾಪಸ್ ತಗೋರಿ. ಇದಕಿಂತ ಭಾರಿದು ತೋರಸ್ರಿ." ಅವನು ಕಂದು ಬಣ್ಣದ ದುಬಾರಿ ಸೀರೆ ಬಿಡಿಸಿದ. ಸೊಸೆಗೆ ಆ ಬಣ್ಣ ಸೇರದೆಂದು ಗೊತ್ತಿದ್ದೂ ಶಿವಗಂಗವ್ವ ಅದನ್ನೇ ಕಟ್ಟಿಸಿದಳು.

ಹೊರಗೆ ಬಂದ ಮೇಲೆ ತುಳಜಾ ತಾಯಿಯನ್ನು ಕೇಳಿದಳು: "ಇನ್ನ ಅವರು ಕೆಲಸಕ್ಕ ಕರೀತಾರೇನ್, ಯಾಡಿ?"

"ಕರೀದಿದ್ರ ಬ್ಯಾರೆ ಹೊಲ ನೋಡೂಣು. ನಡಿ," ಎಂದಳು ಮಣಿಬಾಯಿ.

ಕಟಾವಿಗೆ ಕರೆ ಬರಲಿಲ್ಲ. ಮಣಿಬಾಯಿ ಆ ಸುಗ್ಗಿಯೆಲ್ಲ ಟಂಟಂ ಗಾಡಿ ಹತ್ತಿ ದೂರದ ಊರಿನ ಹೊಲಗಳಿಗೆ ಹೋಗಿಬಂದಳು.